ಗದ್ದಿಗೆಯ ಸುತ್ತಲಿನ ತೊಗರಿ

ಅಗರಖೇಡ
ಬುಧವಾರ, ೨೬ ಮೇ ೧೯೯೯

ಸಗೀರಾ,

ಇದನ್ನು ನಿನಗೆ ಫರಹತ ಓದಿ ಹೇಳುತ್ತಾಳೆ. ಓದಲಿ. ಆದರೆ ತಾಯಿಗೆ ನೋವಾದೀತೆಂದು ಯಾವ ಮಾತನ್ನೂ ಬಿಡಬಾರದು, ನನ್ನ ಮಾನ ಉಳಿಸಲೆಂದು ಯಾವ ಮಾತನ್ನೂ ಮೆತ್ತಗೆ ಮಾಡಬಾರದು. ಇಂಡಿಯ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್‌ವರೆಗೆ ಕಲಿತವಳು ನಾನು. ಬೀಗರಿಗೆ, ತಹಶೀಲದಾರರಿಗೆ, ಮಠಕ್ಕೆ ಬೇಕಾದಷ್ಟು ಪತ್ರ ಬರೆದಿದ್ದೇನೆ. ತಪ್ಪು ನನ್ನದು ಎಂದು ಬರೆಯುವುದು ಮಾತ್ರ ಇದೇ ಮೊದಲು. ಕೈ ಎಲ್ಲಿ ತಡವರಿಸಿದೆಯೋ ಅಲ್ಲಿ ಹಾಗೇ ಇರಲಿ.

ಹೇಗಿದ್ದೀ ಎಂದು ಕೇಳುವುದಿಲ್ಲ. ಆ ಹಕ್ಕನ್ನು ಹೋದ ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆಯ ದಿನ ನಾನೇ ಕಳೆದುಕೊಂಡೆ.

ಜನವರಿಯಲ್ಲಿ ನಿನ್ನನ್ನು ಮರಳಿ ಕರೆಯಲು ಮಗ ಸಿದ್ದಾರೂಢನನ್ನು ನಿನ್ನ ಮನೆಗೆ ಕಳಿಸಿದ್ದೆ. ಅವನಿಗೆ ಚಹಾ ಕೊಟ್ಟೆಯಂತೆ, ನಮ್ಮ ಕರಿ ಎಮ್ಮೆ ಈದಿತೇ ಎಂದು ಕೇಳಿದೆಯಂತೆ, ಬಂದ ವಿಷಯಕ್ಕೆ ಮಾತ್ರ ಹೌದು ಅಲ್ಲ ಏನೂ ಅನ್ನಲಿಲ್ಲವಂತೆ. ಅವನು ಸಪ್ಪಗಾಗಿ ಬಂದ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ನನ್ನ ಬಾಯಿಂದ ಹೋದ ಮಾತನ್ನು ಮಗನ ಬಾಯಿಂದ ಹಿಂದಕ್ಕೆ ತರಿಸಿಕೊಳ್ಳಲು ಹೊರಟವಳು ನಾನು. ನೀನು ಮಾಡಿದ್ದೇ ಸರಿ.

ಮೊದಲಿನಿಂದ ಬರೆಯುತ್ತೇನೆ. ಫರಹತಳಿಗೂ ಪೂರ್ತಿ ತಿಳಿಯಲಿ.

ನಮ್ಮ ಮನೆಯಲ್ಲಿ ಬೀಜ ಗಂಡಸರ ಕೈಗೆ ಹೋಗುವುದಿಲ್ಲ. ನನ್ನ ಅತ್ತೆಯ ಅತ್ತೆಯ ಕಾಲದಿಂದ ಬಂದ ತೊಗರಿ ಅದು. ಪ್ರತಿ ವರ್ಷ ರಾಶಿಯಾದ ಮೇಲೆ ಕಾಳು ಆರಿಸುವುದು ನಾನು. ಕೆಮ್ಮಣ್ಣನ್ನು ಅಂಬಲಿಯಂತೆ ಕಲಸಿ, ಕಾಳಿಗೆ ಸವರಿ, ಮಾಳಿಗೆಯ ಮೇಲೆ ಒಣಗಿಸುವುದೂ ನಾನು. ಗಂಟು ಕಟ್ಟುವುದು ಮಾತ್ರ ನೀನು. ಯಜಮಾನರ ಹಳೆಯ ಧೋತರದ ತುಂಡಿನಲ್ಲಿ ನೀನು ಹಾಕುತ್ತಿದ್ದ ಆ ಗಂಟು ನನಗೆ ಇಪ್ಪತ್ತೆರಡು ವರ್ಷ ನೋಡಿದರೂ ಬರಲಿಲ್ಲ. ಹುಳು ಹೋಗಲಿ, ಇರುವೆಯೂ ಒಳಗೆ ನುಗ್ಗುತ್ತಿರಲಿಲ್ಲ. ನಿನ್ನ ಗಂಡ ಬಾಬುಲಾಲ ಕೂರಿಗೆ ಹಿಡಿಯುತ್ತಿದ್ದ, ಹಿಂದೆ ನೀನು ಬೀಜ ಬಿಡುತ್ತಿದ್ದೆ. ಊರಿನಲ್ಲಿ ಯಾರ ಹಿತ್ತಲಿಗೆ ಬಳ್ಳಿ ಹಾಕುವುದಿದ್ದರೂ ಮೊದಲ ಕಾಳಿಗೆ ನಿನ್ನನ್ನೇ ಕರೆಯುತ್ತಿದ್ದರು. ನನ್ನ ನಾದಿನಿ ಸಿದ್ದವ್ವ ಯಾರನ್ನೂ ಹೊಗಳಿದವಳಲ್ಲ. ಅವಳೇ ಅನ್ನುತ್ತಿದ್ದಳು, “ಸಗೀರಾ ಕಲ್ಲ ಊರಿದ್ರೂ ಚಿಗೀತೈತಿ.”

ಯಜಮಾನರು ತೀರಿಕೊಂಡ ಮೇಲೆ ಅವರನ್ನು ಊರ ಸಮೀಪದ ಹೊಲದಲ್ಲಿಯೇ ಮಣ್ಣು ಮಾಡಿ ಗದ್ದಿಗೆ ಕಟ್ಟಿಸಿದೆವು. ವರ್ಷದ ಪೂಜೆಯ ಹೊತ್ತಿಗೆ ನಾನು ಒಂದು ಹಟ ಹಿಡಿದೆ. ಗದ್ದಿಗೆಯ ಮೇಲೆ ರಾತ್ರಿಯಿಡೀ ದೀಪ ಉರಿಯಬೇಕು. ಎಣ್ಣೆಯ ದೀಪ ಅಲ್ಲ, ಇಂಡಿಯ ಬಸ್‌ ಸ್ಟ್ಯಾಂಡಿನಲ್ಲಿ ಇದ್ದಂಥ ಹಳದಿ ದೀಪ. ಲೈನ್‌ಮನ್ ಅಮಸಿದ್ದ ಬೀದಿದೀಪದ ತಂತಿಯಿಂದ ಎಳೆದು ಕಂಬ ನಿಲ್ಲಿಸಿದ. ಮೊದಲ ದಿನ ಅದು ಹತ್ತಿದಾಗ ಭೀಮಾ ನದಿಯ ಆಚೆಯವರಿಗೂ ಕಂಡಿತೆಂದು ಜನ ಹೇಳಿದರು. ನಾನು ಹಿಗ್ಗಿದೆ. ಇಷ್ಟು ಬೆಳಕು ಯಾರ ಗದ್ದಿಗೆಗೂ ಇಲ್ಲ ಎಂಬ ಹಿಗ್ಗು ಅದು. ಅದರಲ್ಲಿ ಗಂಡನ ಮೇಲಿನ ಅಕ್ಕರೆ ಎಷ್ಟು, ನನ್ನ ಸೊಕ್ಕು ಎಷ್ಟು ಎಂದು ಈಗಲೂ ಬೇರೆ ಮಾಡಲಾರೆ.

ಆ ವರ್ಷ ಮಿರಗದ ಮಳೆ ಕೂಡಿದ ಮೂರನೆಯ ದಿನ ಬಿತ್ತಿದೆವು. ಮೊದಲ ಮುಷ್ಟಿ ಹಿರಿಯರ ಗದ್ದಿಗೆಯ ಸುತ್ತ ಬೀಳಬೇಕು, ಅದೂ ಮನೆಯ ಬೀಜವೇ ಆಗಬೇಕು ಎಂಬುದು ನಮ್ಮ ಪದ್ಧತಿ. ಅಲ್ಲಿ ಕೂರಿಗೆ ತಿರುಗುವುದಿಲ್ಲ, ಕೈಯಿಂದಲೇ ಊರಬೇಕು. ನೀನು ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಸುತ್ತಲೂ ಒಂದೊಂದೇ ಕಾಳು ಊರಿದೆ. ಉಳಿದ ಕಾಳನ್ನು ಮತ್ತೆ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟೆ. ನಾನದನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟೆ.

ದೀಪಾವಳಿಗೆ ಹೊಲವೆಲ್ಲ ಹಳದಿ ಹೂವಾಯಿತು. ಗದ್ದಿಗೆಯ ಸುತ್ತ ಹತ್ತು ಹದಿನೈದು ಮಾರಿನಷ್ಟು ಮಾತ್ರ ಹಸಿರು. ಒಂದು ಹೂವಿಲ್ಲ, ಮೊಗ್ಗಿಲ್ಲ. ಆ ಗಿಡಗಳು ಸೊಕ್ಕಿ ಆಳೆತ್ತರ ಬೆಳೆದಿದ್ದವು, ಎಲೆ ದಟ್ಟವಾಗಿತ್ತು. ರೋಗವಿದ್ದರೆ ಕಾಣಬೇಕಿತ್ತು, ಇರಲಿಲ್ಲ. ಎಳ್ಳ ಅಮಾವಾಸ್ಯೆಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೋದಾಗ ಉಳಿದ ಹೊಲದಲ್ಲಿ ಕಾಯಿ ಜೋತುಬಿದ್ದಿದ್ದವು. ಗದ್ದಿಗೆಯ ಸುತ್ತ ಮಾತ್ರ ಎಲೆಯೇ ಎಲೆ. ಬಂದವರೆಲ್ಲ ಸಜ್ಜೆ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು. ಗಂಡನ ಗದ್ದಿಗೆಯ ಸುತ್ತಲೇ ಬೆಳೆ ಬಂಜೆಯಾಯಿತು ಎಂದು ಅವರು ಒಳಗೊಳಗೇ ಅನ್ನುವುದು ನನಗೆ ಕೇಳಿಸಿತು. ಅದನ್ನು ಹೊರಲು ನನ್ನಿಂದ ಆಗಲಿಲ್ಲ. ನಿನ್ನ ತಲೆಯ ಮೇಲೆ ಹಾಕಿದೆ.

ನಾನು ಏನಂದೆ ಎಂಬುದು ನಿನಗೆ ನೆನಪಿದೆ. ಆದರೂ ಬರೆಯುತ್ತೇನೆ, ಏಕೆಂದರೆ ಇದು ಕಾಗದದ ಮೇಲೆ ನನ್ನ ಅಕ್ಷರದಲ್ಲಿ ಇರಬೇಕು.

“ನಮ್ಮ ಮನಿ ಬೀಜಾ ನೀ ಇಟಗೊಂಡು, ಯಾವುದೋ ಕಾಡ ತೊಗರಿ ಊರಿದಿ. ಇನ್ನ ಮ್ಯಾಲ ಈ ಕೈಲಿಂದ ನನ್ನ ಹೊಲದಾಗ ಒಂದು ಕಾಳ ಬೀಳಬಾರದು.”

ನೀನು ಉಣ್ಣುತ್ತಿದ್ದ ತಾಟನ್ನು ಕೆಳಗಿಟ್ಟೆ. ಕೈ ತೊಳೆದುಕೊಂಡೆ. ಬಾಬುಲಾಲ ಏನೋ ಅನ್ನಲು ಹೋದಾಗ ಅವನನ್ನು ತಡೆದೆ. ನನಗೆ ಒಂದೇ ಮಾತು ಹೇಳಿದೆ. “ಅವ್ವಾರ, ಉಳದ ಗಂಟು ನಿಮ್ಮ ಮನ್ಯಾಗ ಐತ್ರಿ. ಬಿಚ್ಚಿ ನೋಡ್ರಿ.”

ನಾನು ಬಿಚ್ಚಲಿಲ್ಲ. ಬಿಚ್ಚಿದರೆ ಕಾಳು ನಮ್ಮದೇ ಎಂದು ಗೊತ್ತಾದೀತು ಎಂಬ ಅಂಜಿಕೆ ಆಗಲೇ ಇತ್ತೋ ಏನೋ. ನಾನಂದದ್ದು ಬೀಜ ಬದಲಿಸಿದಳು ಎಂದು. ಊರವರು ಅದನ್ನು ಸಗೀರಾನ ಕೈ ಕೆಟ್ಟಿತು ಎಂದು ಮಾಡಿದರು. ನಿನ್ನನ್ನು ಯಾರೂ ಮೊದಲ ಕಾಳಿಗೆ ಕರೆಯದಾದರು. ಸಂಕ್ರಾಂತಿ ಮುಗಿಯುವುದರೊಳಗೆ ನೀವು ಸಿಂದಗಿಗೆ, ನಿನ್ನ ತಮ್ಮನ ಮನೆಯ ಹತ್ತಿರ ಹೋದಿರಿ. ಗಾಡಿ ನಮ್ಮ ಮನೆಯ ಮುಂದೆಯೇ ಹೋಯಿತು. ನಾನು ಕಿಟಕಿಯ ಹಿಂದೆ ನಿಂತಿದ್ದೆ, ಹೊರಗೆ ಬರಲಿಲ್ಲ.

ಅದಕ್ಕೆ ಎರಡು ದಿನ ಮೊದಲು ಫರಹತ ಒಬ್ಬಳೇ ನಮ್ಮ ಅಂಗಳಕ್ಕೆ ಬಂದಿದ್ದಳು. ಇದನ್ನು ನಿನಗೆ ಹೇಳಿದ್ದಾಳೋ ಇಲ್ಲವೋ ಗೊತ್ತಿಲ್ಲ. ಪಿಯುಸಿಯಲ್ಲಿ ಸೈನ್ಸ್ ಓದುವ ಹುಡುಗಿ. ಕುಳಿತುಕೋ ಎಂದು ನಾನು ಅನ್ನಲಿಲ್ಲ, ಅವಳು ನಿಂತೇ ಮಾತಾಡಿದಳು.

“ಬೀಜಾ ಬದಲಾಗಿಲ್ರಿ ಅವ್ವಾರ. ಗಿಡದೊಳಗ ಒಂದು ಗಡಿಯಾರ ಇರತೈತ್ರಿ. ಹೊತ್ತು ಮೂಡೂದು ಮುಳುಗೂದು ನೋಡಿ ಅದು ತನ್ನ ಟೈಮ್ ಸರಿ ಮಾಡಕೊಂತೈತಿ, ರಾತ್ರಿ ಎಷ್ಟ ಉದ್ದ ಅಂತ ಅಳೀತೈತಿ. ತೊಗರಿಗೆ ರಾತ್ರಿ ಉದ್ದಾದ್ರ ಹೂವಿನ ಕಾಲ ಬಂತು ಅಂತ ತಿಳೀತೈತ್ರಿ. ನೀವು ದೀಪಾ ಹಚ್ಚಿ ಅದಕ್ಕ ರಾತ್ರೀನ ಕೊಡವಲ್ರಿ.”

ಮಗಳನ್ನು ವಕೀಲಕಿಗೆ ಕಳಿಸಬೇಡ ಎಂದು ನಿಮ್ಮ ತಾಯಿಗೆ ಹೇಳು ಅಂದೆ. ಅವಳು ತಿರುಗಿ ಹೊರಟಳು. ಬಾಗಿಲ ಬಳಿ ನಿಂತು, “ಹಗೇವದಾಗಿನ ಹುಣಸಿ ಗಿಡ ಮರತ್ರೇನ್ರಿ?” ಎಂದು ಕೇಳಿ ಹೋದಳು.

ಮರೆತಿರಲಿಲ್ಲ. ಅವಳಿಗೆ ಆಗ ಒಂಬತ್ತು ವರ್ಷ. ಸಂಜೆಯಾದರೆ ಹುಣಸೆಯ ಎಲೆ ಮಡಚುವುದನ್ನು ನೋಡಿ, ಅದಕ್ಕೆ ಕತ್ತಲಾದದ್ದು ಹೇಗೆ ಗೊತ್ತಾಗುತ್ತದೆ ಎಂದು ಕಂಡಕಂಡವರನ್ನು ಕೇಳುತ್ತಿದ್ದಳು. ಯಾರೂ ಹೇಳದಿದ್ದಾಗ ತಾನೇ ನೋಡಲು ಹೊರಟಳು. ಒಂದು ಡಬ್ಬಿಯಲ್ಲಿ ಬೆಳೆಸಿದ್ದ ಹುಣಸೆಯ ಸಸಿಯನ್ನು ಹಗ್ಗ ಕಟ್ಟಿ, ಜೋಳ ತೆಗೆದು ಖಾಲಿ ಬಿಟ್ಟಿದ್ದ ನಮ್ಮ ನೆಲದಡಿಯ ಹಗೇವಿನೊಳಗೆ ಸಂಜೆ ಇಳಿಬಿಟ್ಟು, ಮೇಲೆ ಹಾಸುಗಲ್ಲು ಎಳೆಸಿ ಸಂದಿಗೆ ಹಸಿ ಮಣ್ಣು ಮೆತ್ತಿದ್ದಳು. ಮರುದಿನ ಮುಂಜಾನೆ ಅವಳು ಕಲ್ಲು ಸರಿಸುತ್ತಿರುವಾಗ ಹಿಡಿದೆ. ಹಗೇವಿನ ಕೆಟ್ಟ ಗಾಳಿಗೆ ಆಳುಗಳು ಸತ್ತದ್ದನ್ನು ಕಂಡವಳು ನಾನು. ಕಿವಿ ಹಿಂಡಿದೆ. ಆದರೆ ಹಗ್ಗ ಎಳೆದವಳು ನಾನೇ. ಡಬ್ಬಿ ಮೇಲೆ ಬಂದಾಗಲೇ ಎಲೆಗಳು ಬಿಚ್ಚಿಕೊಂಡಿದ್ದವು. ಸೂಜಿಯ ಮೊನೆಯಷ್ಟು ಬೆಳಕು ಹೋಗದ ಕತ್ತಲೆಯಲ್ಲಿ, ಮೇಲೆ ಹೊತ್ತು ಮೂಡಿದ ಸಮಯಕ್ಕೆ ಸರಿಯಾಗಿ ಅದು ಎದ್ದಿತ್ತು. ಕಿವಿ ನೋಯುತ್ತಿದ್ದರೂ ಹುಡುಗಿ ಕೇಳಿದ್ದು ಒಂದೇ. “ಬೆಳಗಾತು ಅಂತ ಇದಕ್ಕ ಒಳಗ ಯಾರ ಹೇಳಿದ್ರು?”

ನಾನು ಉತ್ತರ ಕೊಟ್ಟಿರಲಿಲ್ಲ. ಗೊತ್ತಿಲ್ಲ ಎಂದೂ ಹೇಳಿರಲಿಲ್ಲ.

ನೀವು ಹೋದ ಮೇಲೆ ಉಳಿದ ತೊಗರಿ ಕೊಯ್ದೆವು. ಗದ್ದಿಗೆಯ ಸುತ್ತಲಿನದನ್ನು ಕೊಯ್ಯಬೇಡಿ ಎಂದೆ. ನಿನ್ನ ತಪ್ಪಿಗೆ ಸಾಕ್ಷಿಯಾಗಿ ಅದು ನಿಲ್ಲಲಿ ಎಂಬ ಉದ್ದೇಶ ನನ್ನದು. ಅಷ್ಟರಲ್ಲಿ ಊರಿಗೆ ಕರೆಂಟು ಕೊಡುವ ಟೀಸಿ ಸುಟ್ಟಿತು. ಹೊಸದು ಬರಲು ತಿಂಗಳ ಮೇಲಾಯಿತು. ಊರಿಗೆಲ್ಲ ಕತ್ತಲೆ, ಗದ್ದಿಗೆಗೂ ಕತ್ತಲೆ. ಶಿವರಾತ್ರಿಯ ಮುಂಜಾನೆ ಪೂಜೆಗೆ ಹೋದಾಗ ಆ ಸುತ್ತು ಪೂರ್ತಿ ಹಳದಿಯಾಗಿತ್ತು.

ಅವೇ ಗಿಡಗಳು, ಸಗೀರಾ. ನೀನು ಊರಿದವೇ. ಕಾಡ ತೊಗರಿ ಎಂದು ನಾನು ಹೇಳಿದವೇ.

ಆ ದಿನವೇ ನನಗೆ ತಿಳಿಯಿತು. ಇದನ್ನು ಒತ್ತಿ ಬರೆಯುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿದ್ದನ್ನು ಊರಲ್ಲಿ ಕೆಲವರು ಹೊಗಳುತ್ತಿದ್ದಾರೆ. ಶಿವರಾತ್ರಿಗೆ ತಿಳಿದದ್ದನ್ನು ಬಾಯಿಬಿಟ್ಟು ಹೇಳಲು ನಾನು ಮುಂದಿನ ಎಳ್ಳ ಅಮಾವಾಸ್ಯೆಯವರೆಗೆ ಕಾಯ್ದೆ. ಒಂದು ಹೂವಿನಿಂದ ಏನು ಸಿದ್ಧವಾಗುತ್ತದೆ, ಇನ್ನೂ ಪರೀಕ್ಷೆ ಆಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ಬೇಕಾಗಿದ್ದದ್ದು ಪರೀಕ್ಷೆಯಲ್ಲ, ತಲೆ ತಗ್ಗಿಸುವ ದಿನವನ್ನು ಮುಂದೂಡುವುದು.

ಆದರೂ ಪರೀಕ್ಷೆ ಮಾಡಿದೆ, ಹಿಡಿದದ್ದನ್ನು ಬಿಡುವ ಗುಣ ನನ್ನದಲ್ಲ. ಗೂಡಿನಿಂದ ನಿನ್ನ ಗಂಟನ್ನು ತೆಗೆದೆ. ಬಿಚ್ಚಲು ಕುಳಿತೆ, ಬರಲಿಲ್ಲ. ಹಲ್ಲು ಹಚ್ಚಿದರೂ ಬರಲಿಲ್ಲ. ಕೊನೆಗೆ ಬಟ್ಟೆಯ ಒಂದು ಮೂಲೆ ಕತ್ತರಿಸಿ ಕಾಳು ತೆಗೆದು ಮತ್ತೆ ಹೊಲಿದೆ. ಕೆಮ್ಮಣ್ಣಿನ ಕೆಳಗೆ ನಮ್ಮ ಕಾಳೇ ಇತ್ತು, ಹೊಟ್ಟೆಯ ಮೇಲೆ ಕಂದು ಚುಕ್ಕೆಯ ನಮ್ಮ ತೊಗರಿ. ಅದನ್ನು ಬಾಯಿ ಒಡೆದ ಮೂರು ನೀರಿನ ಹರವಿಗಳಲ್ಲಿ ಮಣ್ಣು ತುಂಬಿ ಮಿರಗಕ್ಕೆ ಊರಿದೆ. ಒಂದನ್ನು ದನದ ಕೊಟ್ಟಿಗೆಯ ಹಿಂದೆ, ದೀಪ ಕಾಣದ ಕಡೆ ಇಟ್ಟೆ. ಎರಡನ್ನು ಗದ್ದಿಗೆಯ ದೀಪದ ಕೆಳಗೆ. ಆ ಎರಡರಲ್ಲಿ ಒಂದರ ಸುತ್ತ ಮೂರು ಕೋಲು ನೆಟ್ಟು, ಗಣಪತಿ ಹಬ್ಬದಿಂದ ದಿನಾ ಹೊತ್ತು ಮುಳುಗುವಾಗ ಕರಿ ಕಂಬಳಿ ಹೊದಿಸುತ್ತಿದ್ದೆ, ಮುಂಜಾನೆ ತೆಗೆಯುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ನಾಲ್ಕು ದಿನ ಕೋಲೂರಿಕೊಂಡು ಹೋದೆ. ಮುದುಕಿಗೆ ಅರಳು ಮರಳು ಎಂದು ಜನ ಅಂದುಕೊಂಡರು. ಸಿದ್ದವ್ವ ಮುಖಕ್ಕೇ ಕೇಳಿದಳು, “ಯಾಕ ವೈನಿ, ಗಿಡಕ್ಕ ಥಂಡಿ ಆಗೇತೇನ? ಕಷಾಯ ಮಾಡಿ ಕೊಡ್ಲಿ?”

ದೀಪಾವಳಿಯ ಹೊತ್ತಿಗೆ ಕೊಟ್ಟಿಗೆಯ ಹಿಂದಿನದು ಹೂ ಬಿಟ್ಟಿತು. ಅದೇ ವಾರ ಕಂಬಳಿಯ ಕೆಳಗಿನದೂ ಬಿಟ್ಟಿತು. ಅದರಿಂದ ಮೂರು ಮಾರು ದೂರದಲ್ಲಿ, ಅದೇ ಗಂಟಿನ ಕಾಳು, ಅದೇ ಮಣ್ಣು, ಅದೇ ನೀರು, ಬರೀ ಹಸಿರಾಗಿ ನಿಂತಿತ್ತು. ಆ ಗಿಡದ ಮೇಲೆ ನನಗೆ ಮರುಕ ಬಂತು. ರಾತ್ರಿ ಬರುತ್ತದೆ ಎಂದು ಕಾಯುತ್ತಲೇ ಇತ್ತು. ನಾನು ಬರಗೊಡಲಿಲ್ಲ.

ಎಳ್ಳ ಅಮಾವಾಸ್ಯೆಗೆ ಮೂರೂ ಹರವಿಗಳನ್ನು ಗಾಡಿಯಲ್ಲಿ ಹೊರಿಸಿಕೊಂಡು ಚರಗದ ಜಾಗಕ್ಕೆ ಒಯ್ದೆ. ಹಿಂದಿನ ವರ್ಷ ಇದ್ದವರೆಲ್ಲ ಇದ್ದರು. ಇರಲೇಬೇಕೆಂದು ಮನೆ ಮನೆಗೆ ಹೇಳಿ ಕಳಿಸಿದ್ದೆ. ಉಣ್ಣುವ ಮೊದಲು ಎದ್ದು ನಿಂತು, ನೀನು ತಾಟು ಇಟ್ಟ ಅದೇ ಬನ್ನಿಗಿಡದ ಕೆಳಗೆ ಹೇಳಿದೆ.

“ಹ್ವಾದ ವರ್ಷ ಇಲ್ಲೇ ನಿಂತು ಸಗೀರಾ ಬೀಜಾ ಬದಲ ಮಾಡ್ಯಾಳ ಅಂದಿದ್ದೆ. ಅದು ಸುಳ್ಳ. ಬೀಜಾನೂ ನಮ್ಮದ, ಆಕಿ ಕೈನೂ ಖರೇದು. ತಪ್ಪು ನಾ ಹಚ್ಚಿದ ದೀಪದ್ದು. ದೀಪದ್ದಲ್ಲ, ನಂದು.”

ಆಮೇಲೆ ಫರಹತ ಹೇಳಿದ್ದ ಗಡಿಯಾರದ ವಿಷಯವನ್ನು ನನಗೆ ತಿಳಿದಷ್ಟು ಹೇಳಿದೆ, ಅದು ಅವಳ ಮಾತು ಎಂದೂ ಹೇಳಿದೆ. ಸಿದ್ದವ್ವನಿಗೆ ಸುಮ್ಮನಿರಲಾಗಲಿಲ್ಲ. “ಗಿಡದಾಗ ಗಡಿಯಾರ ಅಂತ. ಚಾವಿ ಯಾರ ಕೊಡ್ತಾರ?” ಎಂದಳು. ಎಲ್ಲರೂ ನಕ್ಕರು. ಹೊತ್ತು ಕೊಡತೈತಿ, ದಿನಾ ಮೂಡಿ, ದಿನಾ ಮುಳುಗಿ, ಎಂದೆ. ಆಗ ಅವಳು ಎದ್ದು ಬಂದು ಮೂರೂ ಗಿಡಗಳನ್ನು ಮುಟ್ಟಿ ನೋಡಿದಳು. ಬಹಳ ಹೊತ್ತು ನೋಡಿದಳು. “ಹಂಗಾರ ಆ ಹುಡುಗಿ ನಮಗಿಂತ ಶಾಣ್ಯಾ ಅದಾಳ” ಎಂದು ಹೋಗಿ ಕುಳಿತಳು.

ಮರುದಿನ ಅಮಸಿದ್ದನನ್ನು ಕರೆಸಿ ಕಂಬ ಕೀಳಿಸಿದೆ. ಸಿದ್ದಾರೂಢ ಅಡ್ಡ ಬಂದ. ಬಲ್ಬು ತೆಗೆದರೆ ಸಾಕು, ಕಂಬ ಇರಲಿ, ಹಬ್ಬಕ್ಕಾದರೂ ಹಚ್ಚೋಣ ಎಂದ. ಅಪ್ಪನ ಗದ್ದಿಗೆಯನ್ನು ಕತ್ತಲಲ್ಲಿ ಇಟ್ಟರು ಎಂದು ಜನ ಆಡಿಕೊಳ್ಳುತ್ತಾರೆ ಎಂದ. ನಾನು ಅವನಿಗೆ ನೆನಪು ಮಾಡಿಕೊಟ್ಟೆ. ಅವರಪ್ಪ ನಲವತ್ತು ವರ್ಷ ನನ್ನೊಡನೆ ಬಾಳಿದರು. ಒಂದು ದಿನವೂ ದೀಪ ಹತ್ತಿದ್ದಾಗ ಅವರಿಗೆ ನಿದ್ದೆ ಹತ್ತಲಿಲ್ಲ. ಪ್ರತಿದಿನ ಅದೇ ಮಾತು, “ಕಂದೀಲ ಸಣ್ಣ ಮಾಡ, ಶಂಕ್ರೆವ್ವ.” ಅಂಥವರ ತಲೆಯ ಮೇಲೆ ಎರಡು ವರ್ಷ ಬಸ್‌ ಸ್ಟ್ಯಾಂಡಿನ ದೀಪ ಉರಿಸಿದ್ದೇನೆ. ಈಗ ಸಂಜೆಗೆ ಒಂದು ಎಣ್ಣೆಯ ಪಣತಿ ಇಟ್ಟು ಬರುತ್ತೇನೆ. ಗಾಳಿ ಬಂದರೆ ಆರುತ್ತದೆ. ಆರಲಿ.

ಇಷ್ಟು ಆದದ್ದು. ಇನ್ನು ಆಗಬೇಕಾದದ್ದು.

ಹೋದ ವರ್ಷ ಗದ್ದಿಗೆಯ ಸುತ್ತ ಬಿತ್ತಲಿಲ್ಲ, ಬೀಳು ಬಿಟ್ಟೆ. ಈ ವರ್ಷ ಬೀಜ ಆರಿಸಿ ಕೆಮ್ಮಣ್ಣು ಸವರಿದ್ದೇನೆ. ಕೊಟ್ಟಿಗೆಯ ಹಿಂದಿನ ಗಿಡದ್ದು, ಕಂಬಳಿಯ ಗಿಡದ್ದು ಅದರಲ್ಲಿ ಸೇರಿವೆ. ಸಿದ್ದವ್ವ ತಾನು ಕಟ್ಟುತ್ತೇನೆಂದು ಬಂದಳು. ಹೋದ ವರ್ಷ ಅವಳು ಕಟ್ಟಿದ್ದು ಎರಡೇ ದಿನಕ್ಕೆ ಸಡಿಲಾಗಿ ಹುಳು ಬಿದ್ದಿತ್ತು. ಬೇಡ ಎಂದೆ. ಸಿದ್ದಾರೂಢ ಪ್ಲಾಸ್ಟಿಕ್ ಚೀಲ ತಂದ. ಅದೂ ಬೇಡ ಎಂದೆ.

ಬರುವ ಸೋಮವಾರ ಮುಂಜಾನೆ ಎಂಟರ ಬಸ್ಸಿಗೆ ಹತ್ತುತ್ತೇನೆ. ಇಂಡಿಯಲ್ಲಿ ಇಳಿದು ಸಿಂದಗಿಯ ಬಸ್ಸು ಹಿಡಿಯುತ್ತೇನೆ. ಮಗ ಜೊತೆಗೆ ಬರುವುದಿಲ್ಲ, ಆಳೂ ಇಲ್ಲ. ಅರವತ್ತೊಂದು ವರ್ಷದಲ್ಲಿ ಒಬ್ಬಳೇ ಬಸ್ಸು ಹತ್ತಿದವಳಲ್ಲ, ಈಗ ಹತ್ತುತ್ತೇನೆ. ಊಟಕ್ಕೆ ಏನೂ ಮಾಡಬೇಡ, ರೊಟ್ಟಿ ಕಟ್ಟಿಕೊಂಡು ಬರುತ್ತೇನೆ. ನನ್ನ ಕೈಯಲ್ಲಿ ಒಂದು ಡಬ್ಬಿಯಲ್ಲಿ ಬೀಜ ಇರುತ್ತದೆ, ಮಡಚಿದ ಧೋತರದ ತುಂಡು ಬೇರೆ ಇರುತ್ತದೆ. ಎರಡನ್ನೂ ನಿನ್ನ ಮುಂದೆ ಇಡುತ್ತೇನೆ.

ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ಈ ವಯಸ್ಸಿನಲ್ಲಿ ಕಲಿಯಲಾರೆ. ನೀನು ಮಾತಾಡಬೇಕೆಂದೂ ಇಲ್ಲ. ಗಂಟು ಹಾಕಿದರೆ, ಮಿರಗಕ್ಕೆ ನೀನು ಬರುತ್ತೀ, ಮೊದಲ ಮುಷ್ಟಿ ನಿನ್ನದು ಎಂದು ತಿಳಿಯುತ್ತೇನೆ. ಹಾಕದಿದ್ದರೆ ಡಬ್ಬಿ ಎತ್ತಿಕೊಂಡು ಮರಳುವ ಬಸ್ಸು ಹಿಡಿಯುತ್ತೇನೆ, ನಿನ್ನ ಮೇಲೆ ಒಂದು ಮಾತೂ ಆಡುವುದಿಲ್ಲ. ಆದರೆ ನಾನು ಬದುಕಿರುವವರೆಗೆ ಆ ಸುತ್ತಿಗೆ ಬೇರೆಯವರ ಕೈಯಿಂದ ಕಾಳು ಬೀಳುವುದಿಲ್ಲ. ಅಷ್ಟು ಜಾಗ ಬರಿದಾಗಿಯೇ ಇರುತ್ತದೆ. ದಾರಿಯಲ್ಲಿ ಹೋಗುವವರು ಏಕೆ ಎಂದು ಕೇಳುತ್ತಾರೆ. ಕೇಳಿದವರಿಗೆಲ್ಲ ಹೇಳುತ್ತೇನೆ.

ಫರಹತಳಿಗೆ ಒಂದು ಮಾತು. ಹುಣಸೆಗೆ ಬೆಳಗಾದದ್ದು ಯಾರು ಹೇಳಿದರು ಎಂದು ನೀನು ಕೇಳಿದ್ದೆ. ನನಗೆ ಗೊತ್ತಿರಲಿಲ್ಲ, ಮಗಳೇ. ಆ ದಿನ ಹಾಗೆಂದು ಹೇಳಬೇಕಿತ್ತು, ಕಿವಿ ಹಿಂಡಬಾರದಿತ್ತು. ಓದುವುದನ್ನು ಬಿಡಬೇಡ. ಸೋಮವಾರ ಮನೆಯಲ್ಲಿದ್ದರೆ ನನ್ನನ್ನು ನಿಲ್ಲಿಸಿಯೇ ಮಾತಾಡಿಸು, ಕೂಡು ಎನ್ನಬೇಡ. ಆ ಲೆಕ್ಕ ಸರಿಹೋಗಲಿ.

ಸಗೀರಾ, ನಿನ್ನ ಕೈ ತಂಪಾಗಿರಲಿ. ನೀನು ಎಲ್ಲಿ ಊರಿದರೂ ಚಿಗುರಲಿ, ನನ್ನ ಹೊಲದಲ್ಲಾಗಲಿ, ಇಲ್ಲದಿರಲಿ. ಬಟ್ಟೆ ಒಗೆದು ಒಣಗಿಸಿ ಇಟ್ಟಿದ್ದೇನೆ. ಗಂಟು ಹಾಕಿಲ್ಲ.

ಸೋಮವಾರದ ದಾರಿ ನೋಡುತ್ತಿರುವ,
ಶಂಕ್ರೆವ್ವ